ಎಡ್ ವೈಟ್ ಗನ್ನು ಕಲ್ಯಾಣಮಂಟಪದ ನೆಲದ ಮೇಲೆ ಓಡಿತು

1965ರ ಜೂನ್ 3ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಜೆಮಿನಿ 4ರಿಂದ ಹೊರಬಂದು ತೇಲಿದ ಗಗನಯಾತ್ರಿ ಎಡ್ ವೈಟ್ ಕೈಯಲ್ಲಿದ್ದಂಥ ಗ್ಯಾಸ್ ಗನ್ನು ನಾನು ಮಾಡಿದ್ದೇನೆ, ಅದು ನನ್ನನ್ನು ಎಳೆದುಕೊಂಡು ಹೋಗುತ್ತದೆ. "ಸರ್, ಇದ್ರಲ್ಲಿ ಟೇಬಲ್ ಧೂಳು ಹೋಗ್ಬಹುದು, ನೀವು ಹೋಗಲ್ಲ" ಎಂದಿದ್ದ ಫ್ರಿಜ್ ಮೆಕ್ಯಾನಿಕ್ ಎದುರಿಗೇ, ತೇಲುವ ಹಲಗೆಯ ಮೇಲೆ ಕೂತು ಕಲ್ಯಾಣಮಂಟಪದ ನೆಲದಲ್ಲಿ ಇಪ್ಪತ್ತಡಿ ಸರಿದು ತೋರಿಸಿದೆ.

ತೇಲುವ ಹಲಗೆ ಅಂದರೆ ನಾಲ್ಕಡಿ ಪ್ಲೈವುಡ್, ಕೆಳಗೆ ಹಳೇ ಫ್ಲೆಕ್ಸ್ ಬ್ಯಾನರ್, ಮೇಲೊಂದು ಬ್ಲೋವರ್; ಅದು ಕೆಳಗೆ ಊದುವ ಗಾಳಿಯ ಮೇಲೆ ಹಲಗೆ ನೆಲಕ್ಕೆ ತಾಗದಂತೆ ಜಾರುತ್ತದೆ. ದುಡ್ಡು ತಿಂದದ್ದು ಗನ್ನು. ಮೊದಲು ಕಾರ್ಬನ್ ಡೈಆಕ್ಸೈಡ್ ಫೈರ್ ಸಿಲಿಂಡರ್ ಹಚ್ಚಿದೆ. ನಳಿಗೆಯೊಳಗೆ ಮಂಜು ಕಟ್ಟಿತು, ಎರಡು ರೀಫಿಲ್‌ಗೆ ಎರಡೂವರೆ ಸಾವಿರ ಹೋಯಿತು. ಆಮೇಲೆ ಕಂಪ್ರೆಸರ್ ಗಾಳಿ, 8 ಬಾರ್ ಒತ್ತಡ, ಹತ್ತು ಲೀಟರ್ ಟ್ಯಾಂಕ್. ಒಂದೇ ನಳಿಗೆಯನ್ನು ಸೊಂಟದ ಪಕ್ಕ ಹಿಡಿದರೆ ಬುಗುರಿಯಂತೆ ತಿರುಗಿದೆ.

ವೈಟ್ ಗನ್ನಿನ ಹಾಗೆ ಎರಡು ತೋಳು, ತುದಿಯಲ್ಲಿ ಹಿಂದಕ್ಕೆ ಊದುವ ನಳಿಗೆ. ಎಸಿಯ ತಾಮ್ರದ ಪೈಪಿನಲ್ಲಿ ಒಂದೊಂದು ಗೇಣು ತೋಳು ಮಾಡಿಸಿದೆ. ಹಲಗೆ ಕದಲಲಿಲ್ಲ. ಸೋಪಿನ ನೀರು ಹಚ್ಚಿ ಎರಡು ವಾರ ಸೋರಿಕೆ ಹುಡುಕಿದೆ. ಒಂದು ದಿನ ಸೆಕೆಗೆ ಅಂಗಿ ಬಿಚ್ಚಿ ಕೂತಾಗ ಎದೆಯ ಎರಡೂ ಬದಿಗೆ ತಣ್ಣನೆ ಗಾಳಿ ಬಡಿಯಿತು. ಗನ್ನು ಮುಂದಕ್ಕೆ ಎಳೆದದ್ದನ್ನು ಅದೇ ಗಾಳಿ ನನ್ನೆದೆಗೆ ಬಡಿದು ಹಿಂದಕ್ಕೆ ತಳ್ಳುತ್ತಿತ್ತು! ತೋಳನ್ನು ಒಂದೂವರೆ ಅಡಿಗೆ ಚಾಚಿ, ನಳಿಗೆಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆ. ಎಷ್ಟು ಡಿಗ್ರಿ ಎಂಬುದು ನನ್ನ ಹತ್ತಿರವೇ ಇರಲಿ. ಅವತ್ತೇ ಹಲಗೆ ಹೊರಟಿತು.

ನಡುವೆ ಆಫೀಸ್ ಕುರ್ಚಿಯ ಮೇಲೂ ಒಂದು ಪ್ರಯೋಗ ಮಾಡಿದೆ. ಗನ್ನನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಸಾಕು, ಕುರ್ಚಿ ಸುತ್ತುತ್ತದೆ. ಎಳೆತ ಮೈಯ ನಡುವಿನಿಂದಲೇ ಹಾಯಬೇಕು. ಗುರಿಯತ್ತ ಮುಖ ಮಾಡಿ ಗನ್ನನ್ನು ಮುಂದೆ ಹಿಡಿದರೆ ತಪ್ಪು ಕಣ್ಣಿಗೇ ಕಾಣುತ್ತದೆ, ಕೈ ತಾನಾಗಿ ತಿದ್ದಿಕೊಳ್ಳುತ್ತದೆ.

ಆದರೆ ಟ್ಯಾಂಕ್ ಆರೇಳು ಸೆಕೆಂಡಿಗೆ ಖಾಲಿ. ವೈಟ್ ಗನ್ನು ಊದುತ್ತಿದ್ದ ಆಕ್ಸಿಜನ್ನೂ ಕೆಲವೇ ನಿಮಿಷಕ್ಕೆ ಮುಗಿದು, ಆತ ಹಗ್ಗ ಹಿಡಿದೇ ಓಡಾಡಬೇಕಾಯಿತು. 1966ರಲ್ಲಿ ಜೆಮಿನಿ 10ರ ಗಗನಯಾತ್ರಿ ಮೈಕೆಲ್ ಕಾಲಿನ್ಸ್ ಗನ್ನಿಗೆ ನೌಕೆಯಿಂದಲೇ ಕೊಳವೆಯಲ್ಲಿ ನೈಟ್ರೋಜನ್ ಬರುತ್ತಿತ್ತು. ನಾನೂ ಕಂಪ್ರೆಸರ್‌ನಿಂದ ನೇರ ಕೊಳವೆ ಎಳೆದೆ. ಸುರುಳಿ ಕೊಳವೆ ಬೇಡ, ಸ್ಪ್ರಿಂಗಿನ ಹಾಗೆ ವಾಪಸ್ ಜಗ್ಗುತ್ತದೆ. ಮೆತ್ತನೆಯದು ತಗೊಂಡು, ಸಡಿಲ ಬಿಡುತ್ತಾ ಜೊತೆಗೆ ನಡೆಯಲು ಒಬ್ಬರನ್ನು ಇಟ್ಟುಕೊಳ್ಳಿ.

ಒಟ್ಟು ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಗಿದೆ. ನಡುವಿನ ಮೂರನೇ ನಳಿಗೆ ಮುಂದಕ್ಕೆ ಊದುತ್ತದೆ, ಅದೇ ಬ್ರೇಕು. ಈಗ ಮಂಟಪದ ಕಂಬಕ್ಕೆ ಎರಡಡಿ ಇರುವಾಗ ನಿಲ್ಲಿಸುತ್ತೇನೆ.