ಕರಿಕಲ್ಲಿನಲ್ಲಿ ಅದಿರು ಯಾವುದೆಂದು ಗುರುತಿಸುವುದು ಹೇಗೆ?

ಮಲೆನಾಡಿನಲ್ಲಿ ಕಲ್ಲು ಸಂಗ್ರಹಿಸಲು ಹೊರಟವರ ಚೀಲಕ್ಕೆ ಮೊದಲು ಸೇರುವುದು ಕೈಗೆ ಭಾರವೆನಿಸುವ ಕರಿಕಲ್ಲು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಶಿವಮೊಗ್ಗದ ಸಮೀಪದ ಕುಂಸಿಯ ಸುತ್ತ ಮ್ಯಾಂಗನೀಸ್ ಗಣಿಗಳಿದ್ದವು. ಎರಡೂ ಅದಿರುಗಳು ಕಪ್ಪಾಗಿರಬಹುದಾದ್ದರಿಂದ ಬಣ್ಣವನ್ನು ನಂಬಿ ಹೆಸರಿಡುವಂತಿಲ್ಲ.

ಮಳೆಗಾಲ ಮುಗಿದ ಮೇಲೆ ಹೊರಡುವುದು ಒಳ್ಳೆಯದು. ಹಳೆಯ ಗಣಿಗುಂಡಿಗೆ ಇಳಿಯಲೇಬಾರದು. ನೀರು ಕುಡಿದ ಅಂಚು ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಪಡೆಯಬೇಕು. ಶೆಟ್ಟಿಹಳ್ಳಿ, ಭದ್ರಾ, ಕುದುರೆಮುಖದಂತಹ ರಕ್ಷಿತ ಅರಣ್ಯಗಳಿಂದ ಒಂದು ಹರಳನ್ನೂ ಎತ್ತಿಕೊಂಡು ಬರಬಾರದು.

ಮನೆಗೆ ತಂದ ಕಲ್ಲಿನ ಮೂಲೆಯನ್ನು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಒಡೆದು ಹೊಸ ಮೈ ಕಾಣುವಂತೆ ಮಾಡಬೇಕು. ಆ ಭಾಗವನ್ನು ನೆಲದ ಟೈಲಿನ ಹೊಳಪಿಲ್ಲದ ಹಿಂಬದಿಗೆ ಒತ್ತಿ ಉಜ್ಜಿದಾಗ ಮೂಡುವ ಗೆರೆಯೇ ನಿಜವಾದ ಸುಳಿವು. ಎಷ್ಟೇ ಕಪ್ಪಗೆ ಮಿರುಗುತ್ತಿದ್ದರೂ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕೆಂಗಂದು ಗೆರೆಯನ್ನೇ ಎಳೆಯುತ್ತದೆ. ಗೆರೆ ಹಳದಿ ಮಿಶ್ರಿತ ಕಂದಾಗಿದ್ದರೆ ಅದು ಲಿಮೊನೈಟ್ ಎಂಬ ಕಬ್ಬಿಣದ ಖನಿಜ ಇರುವ ಕಲ್ಲು. ಮನೆ ಕಟ್ಟುವ ನಮ್ಮ ಜಂಬಿಟ್ಟಿಗೆಯ ತುಂಡು ಹೊಸಬರನ್ನು ಮೋಸಗೊಳಿಸುವುದು ಹೆಚ್ಚಾಗಿ ಇಲ್ಲೇ. ಗೆರೆ ಕಪ್ಪಾದರೆ ಮಾತ್ರ ಇನ್ನೂ ಎರಡು ಪರೀಕ್ಷೆ ಬೇಕು.

ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು ಕಲ್ಲನ್ನು ನಿಧಾನವಾಗಿ ಹತ್ತಿರ ತನ್ನಿ. ಕೈಯಲ್ಲಿ ಹಿಡಿದರೆ ತಿಳಿಯದಷ್ಟು ಸಣ್ಣ ಸೆಳೆತವೂ ಹೀಗೆ ಕಾಣುತ್ತದೆ. ಅಯಸ್ಕಾಂತ ಜೋರಾಗಿ ವಾಲಿದರೆ ಅದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು; 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಇದೇ ಅದಿರನ್ನು. ಅಲುಗದಿದ್ದರೆ, ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡನ್ನು ಕಲ್ಲಿನ ಪುಡಿಯ ಮೇಲೆ ಎರಡು ಹನಿ ಬಿಡಿ. ಮ್ಯಾಂಗನೀಸ್ ಡೈಆಕ್ಸೈಡ್ ಇದ್ದಲ್ಲಿ ಆಮ್ಲಜನಕ ಬಿಡುಗಡೆಯಾಗಿ ಭರಭರನೆ ನೊರೆ ಏಳುತ್ತದೆ. ಮ್ಯಾಂಗನೀಸ್ ಡೈಆಕ್ಸೈಡಿನ ಅದಿರಾದ ಮೆತ್ತಗಿನ ಪೈರೊಲುಸೈಟ್ ಆದರೆ ಮುಟ್ಟಿದ ಬೆರಳಿಗೂ ಮಸಿ ಹತ್ತುತ್ತದೆ.

ಫಲಿತಾಂಶವನ್ನು ಆಗಲೇ ಬರೆದಿಡಬೇಕು. ಕಲ್ಲಿನ ಒಂದು ಮೂಲೆಗೆ ಬಿಳಿ ಎನಾಮಲ್ ಬಣ್ಣದ ಚುಕ್ಕೆಯಿಟ್ಟು, ಒಣಗಿದ ಮೇಲೆ ಸಂಖ್ಯೆ ಬರೆದು, ಅದೇ ಸಂಖ್ಯೆಯ ಎದುರು ಸಿಕ್ಕಿದ ಊರು, ಹಳ್ಳ ಅಥವಾ ರಸ್ತೆ, ದಿನಾಂಕ, ಗೆರೆಯ ಬಣ್ಣಗಳನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸಿ; ಎಲ್ಲಿ ಸಿಕ್ಕಿತೆಂದು ತಿಳಿಯದ ಕಲ್ಲು, ನೋಡಲು ಎಷ್ಟೇ ಚೆಂದವಿದ್ದರೂ, ಅಭ್ಯಾಸಕ್ಕೆ ಬರುವುದು ಕಡಿಮೆ. ಪೈರೊಲುಸೈಟನ್ನು ಮಾತ್ರ ಬೇರೆ ಡಬ್ಬಿಯಲ್ಲಿಡಿ, ಇಲ್ಲವಾದರೆ ಪಕ್ಕದ ಬೆಣಚುಕಲ್ಲಿಗೂ ಮಸಿ ಮೆತ್ತಿಕೊಳ್ಳುತ್ತದೆ.