ಸ್ಪ್ರಿಂಗ್ ಪೀಪರ್: ಕೂಗಿನ ಜಾಡು ಹಿಡಿದು ಕಪ್ಪೆಯನ್ನು ಕಂಡ ಬಗೆ

ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿರುವ ನಾನು ಪ್ರತಿ ವಸಂತದಲ್ಲಿಯೂ ಮನೆ ಸಮೀಪದ ಕಾಡಿನ ಹೊಂಡವೊಂದರಲ್ಲಿ ಸ್ಪ್ರಿಂಗ್ ಪೀಪರ್ ಕಪ್ಪೆಗಳ ಕೂಗನ್ನು ದಾಖಲಿಸುತ್ತೇನೆ. ಸ್ಯೂಡಾಕ್ರಿಸ್ ಕ್ರೂಸಿಫರ್ ಎಂಬ ವೈಜ್ಞಾನಿಕ ಹೆಸರಿನ ಈ ಕಪ್ಪೆಯ ಉದ್ದ ಎರಡರಿಂದ ಮೂರೂವರೆ ಸೆಂಟಿಮೀಟರ್ ಮಾತ್ರ. ಬೆನ್ನ ಮೇಲೆ ಗುಣಾಕಾರ ಚಿಹ್ನೆಯಂತಹ ಕಡುಗಂದು ಗೆರೆಗಳಿರುತ್ತವೆ. ಮುಂಗಾರು ಹಿಡಿದ ಮೇಲೆಯೇ ಕಪ್ಪೆಗಳ ಗದ್ದಲ ಏಳುವ ಮಲೆನಾಡಿನಿಂದ ಬಂದ ನನಗೆ, ದಡದ ಹಿಮ ಪೂರ್ತಿ ಕರಗುವ ಮೊದಲೇ ಇವು ಕೂಗತೊಡಗುವುದು ಸೋಜಿಗವೆನಿಸಿತ್ತು. ಚಳಿಗಾಲದಲ್ಲಿ ಇವು ನೆಲದಾಳಕ್ಕೆ ಇಳಿಯದೆ ತರಗೆಲೆಗಳ ಅಡಿಯಲ್ಲಿಯೋ ಬಿದ್ದ ಮರದ ತೊಗಟೆಯ ಸಂದಿಯಲ್ಲಿಯೋ ಉಳಿಯುತ್ತವೆ. ಮೈಯಲ್ಲಿ ಮಂಜುಗಡ್ಡೆ ಕಟ್ಟತೊಡಗಿದೊಡನೆ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂತಹ ವಸ್ತು ಗ್ಲೂಕೋಸ್ ಆಗಿ ಮಾರ್ಪಟ್ಟು ರಕ್ತದ ಮೂಲಕ ಅಂಗಾಂಗಗಳನ್ನು ಸೇರುವುದರಿಂದ, ಜೀವಕೋಶಗಳ ಹೊರಗಿನ ನೀರು ಹೆಪ್ಪುಗಟ್ಟಿ ಹೃದಯದ ಬಡಿತ ನಿಂತರೂ ಜೀವಕೋಶಗಳು ಒಡೆಯದೆ ಉಳಿಯುತ್ತವೆ.

ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ದಡದಲ್ಲಿ ನಿಂತು, ಎರಡು ನಿಮಿಷ ಅಲುಗಾಡದೆ ಇದ್ದು, ಬಳಿಕ ಮೂರು ನಿಮಿಷ ಆಲಿಸುತ್ತೇನೆ. ಕೂಗುಗಳನ್ನು ಬಿಡಿಯಾಗಿ ಎಣಿಸಲು ಸಾಧ್ಯವಾದರೆ 1, ಅಲ್ಲಲ್ಲಿ ಒಂದರ ಮೇಲೊಂದು ಬಿದ್ದರೆ 2, ಬಿಡುವಿಲ್ಲದ ಮೇಳವಾದರೆ 3 ಎಂದು ಬರೆಯುತ್ತೇನೆ. ತಾಪಮಾನವನ್ನೂ ತಪ್ಪದೆ ಗುರುತಿಸಬೇಕು, ಏಕೆಂದರೆ ಬೆಚ್ಚಗಿನ ರಾತ್ರಿಗಳಲ್ಲಿ ಕೂಗಿನ ವೇಗವೇ ಹೆಚ್ಚುತ್ತದೆ.

ಕೇಳುವಷ್ಟು ಸುಲಭವಲ್ಲ, ಕಾಣುವುದು. ಹತ್ತಿರ ಹೋದರೆ ಎಲ್ಲವೂ ಒಮ್ಮೆಲೇ ಸುಮ್ಮನಾಗುತ್ತವೆ. ಕಾದು ನಿಂತರೆ ಯಾವುದೋ ಒಂದು ಧೈರ್ಯ ಮಾಡಿ ಕೂಗುತ್ತದೆ, ಉಳಿದವು ದನಿಗೂಡಿಸುತ್ತವೆ. ನಾನೂ ಪತ್ನಿಯೂ ಕೆಲವು ಅಡಿ ಅಂತರದಲ್ಲಿ ನಿಂತು, ಒಂದೇ ಕೂಗಿನತ್ತ ಕೆಂಪು ಕಾಗದ ಸುತ್ತಿದ ಟಾರ್ಚ್‌ಗಳನ್ನು ಹಿಡಿದು, ಎರಡೂ ಬೆಳಕು ಕೂಡುವ ಜಾಗದಲ್ಲಿ ಹುಡುಕುತ್ತೇವೆ. ಹೀಗೆ ಜೊಂಡಿನ ಬುಡದಲ್ಲಿ ಸಿಕ್ಕ ಗಂಡಿನ ಗಂಟಲ ಚೀಲವು ಗಾಜಿನ ಗೋಲಿಯಂತೆ ಉಬ್ಬಿ, ಪ್ರತಿ ಕೂಗಿಗೂ ಇಡೀ ಮೈಯನ್ನೇ ಅದುರಿಸುತ್ತಿತ್ತು. ಅದರ ಪಕ್ಕದಲ್ಲಿಯೇ ಇನ್ನೊಂದು ಗಂಡು ಸದ್ದಿಲ್ಲದೆ ಕುಳಿತಿತ್ತು. ಕೂಗುವವನನ್ನು ಅರಸಿ ಬರುವ ಹೆಣ್ಣನ್ನು ನಡುದಾರಿಯಲ್ಲಿ ತಡೆಯುವುದು ಇಂತಹ ಮೌನಿಗಳ ಉಪಾಯ; ದುಡಿಮೆ ಒಬ್ಬನದು, ಫಲ ಇನ್ನೊಬ್ಬನದು.

ಪೀಪರ್ ಹೆಣ್ಣು ಮೊಟ್ಟೆಗಳನ್ನು ನೀರೊಳಗಿನ ಕಾಂಡಗಳಿಗೆ ಬಿಡಿಬಿಡಿಯಾಗಿ ಅಂಟಿಸುವುದರಿಂದ, ವುಡ್ ಫ್ರಾಗ್ ಎಂಬ ಇನ್ನೊಂದು ಕಪ್ಪೆಯ ಮೊಟ್ಟೆ ಗೊಂಚಲುಗಳನ್ನು ಎಣಿಸುವಂತೆ ಇವನ್ನು ಎಣಿಸಲಾಗದು. ಈ ರಾಜ್ಯದಲ್ಲಿ ವಸಂತದ ಹೊಂಡವೊಂದಕ್ಕೆ (ವಸಂತದಲ್ಲಿ ತುಂಬಿ ಬಳಿಕ ಒಣಗುವ ಹೊಂಡ) ಅಧಿಕೃತ ಮಾನ್ಯತೆ ಪಡೆಯಲು ಪೀಪರ್‌ನ ಕೂಗೊಂದೇ ಸಾಲದು; ಆದ್ದರಿಂದ ಪುರಾವೆಯಾಗಬಲ್ಲ ವುಡ್ ಫ್ರಾಗ್ ಗೊಂಚಲುಗಳ ಛಾಯಾಚಿತ್ರಕ್ಕಾಗಿ ಹಗಲಿನಲ್ಲಿಯೂ ಅದೇ ಹೊಂಡಕ್ಕೆ ಹೋಗುತ್ತೇನೆ.