ಹುಳುಕು ಹಲ್ಲು: ಉಳಿಸಿಕೊಳ್ಳುವುದೋ, ಕೀಳಿಸುವುದೋ? ಕೈಯಲ್ಲಿರುವ ಹಣಕ್ಕೆ ತಕ್ಕ ಲೆಕ್ಕ

ಹಗಲೆಲ್ಲ ಸುಮ್ಮನಿದ್ದ ದವಡೆ ಹಲ್ಲು ತಲೆ ದಿಂಬಿಗೆ ತಾಗಿದೊಡನೆ ಮಿಡಿಯತೊಡಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟವರು ಬೆಳಿಗ್ಗೆ ದವಡೆ ಹಿಡಿದುಕೊಂಡೇ ಹತ್ತಿರದ ದಂತವೈದ್ಯರಲ್ಲಿಗೆ ಹೋಗಿ, ‘ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು’ ಎಂಬ ಮಾತನ್ನೂ ಅದಕ್ಕೆ ತಗಲುವ ಮೊತ್ತವನ್ನೂ ಕೇಳಿಸಿಕೊಂಡು, ‘ವಿಚಾರ ಮಾಡಿ ಬರುತ್ತೇನೆ’ ಎಂದು ನೋವಿನ ಮಾತ್ರೆ ಬರೆಸಿಕೊಂಡು ಮನೆಗೆ ಮರಳುತ್ತಾರೆ. ರೂಟ್ ಕೆನಾಲ್ ಎಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು, ಬೇರಿನ ನಾಳಗಳನ್ನು ಶುಚಿಗೊಳಿಸಿ ಮುಚ್ಚುವುದು; ಕ್ಯಾಪ್ ಎಂದರೆ ಆ ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಹೊದಿಕೆ. ಹೆಚ್ಚಿನವರ ವಿಚಾರ ಅಲ್ಲಿಗೇ ನಿಲ್ಲುತ್ತದೆ. ಮಾತ್ರೆಗೆ ನೋವು ಅಡಗಿದರೆ ಹಲ್ಲೂ ಮರೆತುಹೋಗುತ್ತದೆ. ಆ ವಿಚಾರವನ್ನು ಕ್ರಮವಾಗಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು: ಕಾಯಲು ಸಮಯವಿದೆಯೇ?

ಹಣದ ಲೆಕ್ಕಕ್ಕಿಂತ ಮೊದಲು ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಳ್ಳಬೇಕು. ಗದ್ದದ ಕೆಳಗೆ ಅಥವಾ ಕತ್ತಿನತ್ತ ಊತ ಹರಡುತ್ತಿದ್ದರೆ, ಊತ ಕಣ್ಣಿನ ಕೆಳಗಿನವರೆಗೆ ಏರಿದ್ದರೆ, ಜ್ವರವಿದ್ದರೆ, ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯದಿದ್ದರೆ, ಎಂಜಲು ನುಂಗುವುದಕ್ಕೆ ಅಥವಾ ಉಸಿರಾಡುವುದಕ್ಕೆ ಕಷ್ಟವಾಗುತ್ತಿದ್ದರೆ ವಿಚಾರ ಮಾಡುತ್ತ ಕೂರುವಂತಿಲ್ಲ. ಅದೇ ಹೊತ್ತಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಹಲ್ಲಿನ ಕೀವು ಗಂಟಲಿನ ಸುತ್ತ ಇಳಿದರೆ ಜೀವಕ್ಕೇ ಅಪಾಯ. ಊತದ ಮೇಲೆ ಹೊರಗಿನಿಂದ ಬಿಸಿ ಶಾಖ ಕೊಡುವ ರೂಢಿ ಹಲವು ಮನೆಗಳಲ್ಲಿದೆ, ಅದನ್ನು ಮಾಡಬಾರದು.

ನೋವು ಏನು ಹೇಳುತ್ತಿದೆ?

ಈ ಲಕ್ಷಣಗಳು ಇಲ್ಲದಿದ್ದರೆ ನೋವಿನ ಸ್ವಭಾವವನ್ನು ಎರಡು ದಿನ ಗಮನಿಸಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತಣ್ಣೀರು ತಾಗಿದಾಗ ‘ಜುಮ್’ ಎಂದು, ನೀರು ನುಂಗಿದ ಕೆಲವೇ ಸೆಕೆಂಡುಗಳಲ್ಲಿ ನೋವು ಹೋದರೆ ಒಳಗಿನ ನರ ಇನ್ನೂ ಚೆನ್ನಾಗಿರುವ ಸಂಭವ ಹೆಚ್ಚು. ಹುಳುಕನ್ನು ಕೊರೆದು ತೆಗೆದು ಸಿಮೆಂಟ್ ತುಂಬಿಸಿದರೆ ಸಾಕಾಗಬಹುದು, ಅದೇ ಎಲ್ಲಕ್ಕಿಂತ ಅಗ್ಗದ ದಾರಿ. ಬಿಸಿ ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೂ ನೋವು ಉಳಿದರೆ, ಕಾರಣವೇ ಇಲ್ಲದೆ ರಾತ್ರಿ ಎಬ್ಬಿಸಿದರೆ ನರ ಚೇತರಿಸಿಕೊಳ್ಳುವ ಹಂತ ದಾಟಿರುತ್ತದೆ. ಮೂರನೆಯದು ಮೋಸದ ಹಂತ: ಹಲವು ದಿನ ಸಿಡಿದ ಹಲ್ಲು ಚಿಕಿತ್ಸೆಯಿಲ್ಲದೆ ಇದ್ದಕ್ಕಿದ್ದಂತೆ ಶಾಂತವಾಗುತ್ತದೆ, ಮನೆಯವರೆಲ್ಲ ಲವಂಗದ ಎಣ್ಣೆಯ ಗುಣವೆಂದು ಹೊಗಳುತ್ತಾರೆ. ನರ ಸತ್ತಿರುವುದರಿಂದ ನೋವಿಲ್ಲ, ಅಷ್ಟೇ. ಸೋಂಕು ಬೇರಿನ ತುದಿಯಿಂದ ಮೂಳೆಯೊಳಗೆ ಇಳಿಯುತ್ತಿರುತ್ತದೆ, ತಿಂಗಳುಗಳ ಬಳಿಕ ವಸಡಿನ ಮೇಲೆ ಕೀವು ಒಸರುವ ಸಣ್ಣ ಗುಳ್ಳೆಯಾಗಿ ಕಾಣಿಸಿಕೊಳ್ಳಬಹುದು.

ಎಕ್ಸ್‌ರೇ ತೆಗೆಸದೆ ಯಾವುದಕ್ಕೂ ಒಪ್ಪಬೇಡಿ

ಹಣ ಉಳಿಸುವ ಆತುರದಲ್ಲಿ ಕೆಲವರು ಮೊದಲು ಬೇಡವೆನ್ನುವುದು ಎಕ್ಸ್‌ರೇಯನ್ನು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಚಿತ್ರ ಇಡೀ ಚಿಕಿತ್ಸೆಯಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಹೆಚ್ಚು ಹಣ ಉಳಿಸುವುದೂ ಅದೇ. ಅದನ್ನು ತೋರಿಸಿ ವಿವರಿಸುವಂತೆ ವೈದ್ಯರನ್ನು ಕೇಳಬೇಕು. ಬಿಳಿ ಹಲ್ಲಿನೊಳಗಿನ ಕಪ್ಪು ಗುಳಿ ಹುಳುಕು. ಬೇರಿನ ತುದಿಯಲ್ಲಿ ಬೇಳೆಕಾಳಿನ ಆಕಾರದ ಮಸುಕು ಇದ್ದರೆ ಅಲ್ಲಿ ಸೋಂಕು ಮೂಳೆ ತಿಂದಿದೆ. ಕೆಳದವಡೆ ಹಲ್ಲಿನ ಎರಡು ಬೇರುಗಳ ನಡುವೆಯೂ ಕಪ್ಪಾಗಿದ್ದರೆ ಆ ಹಲ್ಲಿನ ಮೇಲೆ ಹಣ ಹಾಕುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಲೇಸು.

ಇನ್ನು ಮುಖ್ಯವಾದ ಪ್ರಶ್ನೆ. ‘ರೂಟ್ ಕೆನಾಲ್‌ಗೆ ಎಷ್ಟಾಗುತ್ತದೆ?’ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಹುಳುಕನ್ನೆಲ್ಲ ತೆಗೆದ ಮೇಲೆ ಕ್ಯಾಪ್ ಹಿಡಿದುಕೊಳ್ಳುವಷ್ಟು ಗೋಡೆ ಉಳಿಯುತ್ತದೆಯೇ?’ ಎಂಬುದನ್ನು. ವಸಡಿನ ಮೇಲೆ ಹಲ್ಲಿನ ಸುತ್ತ ಸುಮಾರು 2 ಮಿಲಿಮೀಟರ್ ಎತ್ತರದ ಗಟ್ಟಿ ಗೋಡೆ ಇದ್ದರೆ ಕ್ಯಾಪ್ ಅದನ್ನು ಪೀಪಾಯಿಯ ಪಟ್ಟಿಯಂತೆ ಬಿಗಿಹಿಡಿಯುತ್ತದೆ. ಹುಳುಕು ವಸಡಿನ ಕೆಳಕ್ಕೆ ಇಳಿದು ಗೋಡೆಯೇ ಇಲ್ಲದಿದ್ದರೆ ಬೇರುಗಳನ್ನು ಎಷ್ಟು ಚೆನ್ನಾಗಿ ಶುಚಿಗೊಳಿಸಿದರೂ ಮೇಲಿನ ಕಟ್ಟಡ ನಿಲ್ಲುವುದು ಕಷ್ಟ. ಕೆಲವೊಮ್ಮೆ ಹುಳುಕು ಪೂರ್ತಿ ತೆಗೆದು ನೋಡುವ ತನಕ ಯಾರಿಗೂ ಖಚಿತವಾಗುವುದಿಲ್ಲ. ಹಾಗಿದ್ದಲ್ಲಿ ‘ಮೊದಲು ಅಷ್ಟು ಮಾಡಿ ನೋಡಿ, ಉಳಿಯದಿದ್ದರೆ ಕೀಳೋಣ, ಅಲ್ಲಿಯವರೆಗಿನ ಶುಲ್ಕವೆಷ್ಟು?’ ಎಂದು ಮುಂಚಿತವಾಗಿಯೇ ಮಾತಾಡಿಕೊಳ್ಳಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕ್ಯಾಪ್‌ವರೆಗಿನ ಮೊತ್ತವೇ ನಿಜವಾದ ಮೊತ್ತ

ಇದನ್ನು ನಾನು ಕಲಿತದ್ದು ಚಕ್ಕುಲಿಯಿಂದ. ಕೆಲವು ವರ್ಷಗಳ ಹಿಂದೆ ಕೆಳಗಿನ ದವಡೆ ಹಲ್ಲಿಗೆ 3,500 ರೂಪಾಯಿ ಕೊಟ್ಟು ರೂಟ್ ಕೆನಾಲ್ ಮಾಡಿಸಿಕೊಂಡೆ. ಕ್ಯಾಪ್‌ಗೆ ಇನ್ನೂ 3,000 ಎಂದಾಗ ‘ಮುಂದಿನ ತಿಂಗಳು’ ಎಂದೆ. ನೋವಿಲ್ಲದ ಹಲ್ಲಿಗೆ ಹಣ ಹೊಂದಿಸುವ ಮನಸ್ಸು ಯಾರಿಗೆ ಬರುತ್ತದೆ? ಏಳೆಂಟು ತಿಂಗಳು ಕಳೆದು ಗೋಕುಲಾಷ್ಟಮಿಯ ದಿನ ಚಕ್ಕುಲಿ ಕಡಿದಾಗ ‘ಟಕ್’ ಎಂದಿತು. ಚಕ್ಕುಲಿಯದೇ ಸದ್ದೆಂದು ಅಗಿಯುವುದನ್ನು ಮುಂದುವರಿಸಿದೆ; ನಾಲಿಗೆಗೆ ಚೂಪಾದ ಅಂಚು ತಾಗಿತು. ಹಲ್ಲು ಮಧ್ಯದಲ್ಲಿ ಬೇರಿನವರೆಗೆ ಸೀಳಿತ್ತು. ಕೀಳಿಸುವುದು ಬಿಟ್ಟು ಬೇರೆ ದಾರಿ ಉಳಿದಿರಲಿಲ್ಲ, ಕೊಟ್ಟ 3,500 ನೀರಿನಲ್ಲಿ ಹೋಯಿತು.

ಹಿಂದಿನ ಹಲ್ಲುಗಳು ಅಗಿಯುವ ಭಾರ ಹೊರುತ್ತವೆ; ಹುಳುಕೂ ಕೊರೆತವೂ ಸೇರಿ ಒಳಗೆಲ್ಲ ಪೊಳ್ಳಾದ ಮೇಲೆ ಅಂಥ ಹಲ್ಲು ಕ್ಯಾಪ್ ಇಲ್ಲದೆ ಬಹುಕಾಲ ತಾಳುವುದು ಅಪರೂಪ. ಮುಂದಿನ ಹಲ್ಲಿನ ಮಾತು ಬೇರೆ: ಬಹುಪಾಲು ಗಟ್ಟಿಯಾಗಿ ಉಳಿದಿದ್ದರೆ ರೂಟ್ ಕೆನಾಲ್ ಆದ ಬಳಿಕ ಬರೀ ಸಿಮೆಂಟ್ ತುಂಬಿಸಿಯೂ ವರ್ಷಗಟ್ಟಲೆ ಸಾಗಬಹುದು, ಅದಕ್ಕೆ ಸಾಮಾನ್ಯವಾಗಿ ಒಂದೇ ಬೇರು, ಒಂದೇ ನಾಳ ಇರುವುದರಿಂದ ಶುಲ್ಕವೂ ಕಡಿಮೆ. ದವಡೆ ಹಲ್ಲಿನಲ್ಲಿ ಮೂರು, ಕೆಲವೊಮ್ಮೆ ನಾಲ್ಕು ನಾಳಗಳಿರುತ್ತವೆ. ಆದ್ದರಿಂದ ಎಕ್ಸ್‌ರೇ, ರೂಟ್ ಕೆನಾಲ್, ಒಳಗಿನ ಗಟ್ಟಿ ಭರ್ತಿ, ಕ್ಯಾಪ್ ಎಲ್ಲವನ್ನೂ ಕೂಡಿಸಿದ ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಹಲ್ಲಿನ ಬಣ್ಣದ ಜಿರ್ಕೋನಿಯಾ ಕ್ಯಾಪ್ ದುಬಾರಿ. ಯಾರಿಗೂ ಕಾಣದ ಹಿಂದಿನ ಹಲ್ಲಿಗೆ ಬರೀ ಲೋಹದ ಕ್ಯಾಪ್ ಅಗ್ಗವೂ ಹೌದು, ಗಟ್ಟಿಯೂ ಹೌದು, ಅದಕ್ಕಾಗಿ ಹಲ್ಲನ್ನು ಸವೆಸಬೇಕಾದದ್ದೂ ಕಡಿಮೆ. ವೈದ್ಯರು ತಾವಾಗಿ ಅದನ್ನು ಸೂಚಿಸದಿದ್ದರೆ ನಾವೇ ಕೇಳಬೇಕು.

ಪೂರ್ತಿ ಹಣ ಒಮ್ಮೆಗೇ ಇಲ್ಲದವರು ಹಂತ ಹಂತವಾಗಿ ಮಾಡಿಸಬಹುದು. ಮೊದಲ ದಿನ ನರ ತೆಗೆದು ಔಷಧ ಇಟ್ಟು ತಾತ್ಕಾಲಿಕ ಸಿಮೆಂಟ್ ಹಾಕಿದರೆ ನೋವು ಅಡಗುತ್ತದೆ. ಆದರೆ ಆ ಸಿಮೆಂಟ್ ಕೆಲವು ವಾರಗಳ ಮಟ್ಟಿಗೆ ಮಾತ್ರ. ಅದು ಸವೆದು ಎಂಜಲು ಒಳಸೇರಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮುಂದಿನ ಕಂತಿನ ಹಣ ಯಾವಾಗ ಬರುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಎಲ್ಲಿ ಮಾಡಿಸುವುದು?

ರಾಜ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಿದೆ. ದಾವಣಗೆರೆ, ಧಾರವಾಡ, ಮೈಸೂರು, ಬೆಳಗಾವಿ, ಕಲಬುರಗಿ, ಮಂಗಳೂರುಗಳಲ್ಲೂ ಕಾಲೇಜುಗಳಿದ್ದು, ಖಾಸಗಿ ಕಾಲೇಜುಗಳಲ್ಲಿಯೂ ಶುಲ್ಕ ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆ. ಅಲ್ಲಿ ಕೆಲಸ ಮಾಡುವವರು ವಿದ್ಯಾರ್ಥಿಗಳು ಎಂಬ ಅಂಜಿಕೆ ಬೇಡ. ಪ್ರತಿ ಹಂತವನ್ನೂ ಅಧ್ಯಾಪಕರು ಬಂದು ನೋಡುತ್ತಾರೆ, ನಿಧಾನವಾಗುವುದೂ ಅದಕ್ಕೇ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿದರೆ ಮೊದಲು ತಪಾಸಣಾ ವಿಭಾಗ, ಆಮೇಲೆ ಎಕ್ಸ್‌ರೇ, ಅಲ್ಲಿಂದ ರೂಟ್ ಕೆನಾಲ್ ಮಾಡುವ ವಿಭಾಗ. ಕ್ಯಾಪ್ ಹಾಕುವುದು ಇನ್ನೊಂದು ವಿಭಾಗವಾದ್ದರಿಂದ ಅಲ್ಲಿ ಮತ್ತೊಂದು ಸಾಲಿನಲ್ಲಿ ಕೂರಬೇಕಾಗಬಹುದು.

ಇಲ್ಲಿ ದಿನಗೂಲಿಯವರು ಇನ್ನೊಂದು ಲೆಕ್ಕ ಹಾಕಲೇಬೇಕು. ಐದು ಸಲ ಹೋಗಬೇಕಾಗಿ, ಪ್ರತಿ ಸಲ 120 ರೂಪಾಯಿ ಬಸ್ಸಿಗೂ 600 ರೂಪಾಯಿ ತಪ್ಪಿದ ಕೂಲಿಗೂ ಹೋದರೆ 3,600 ರೂಪಾಯಿ ಆಯಿತು; ಊರಿನ ಕ್ಲಿನಿಕ್ಕಿನಲ್ಲಿ ಎರಡು ಸಂಜೆಗಳಲ್ಲಿ ಮುಗಿಸುವುದೇ ಆಗ ಅಗ್ಗವಾದೀತು. ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ಸಿನ ಹಣ ಉಳಿದರೂ ಕೂಲಿ ಉಳಿಯುವುದಿಲ್ಲ. ಆದ್ದರಿಂದ ಮೊದಲ ದಿನವೇ ‘ಎಷ್ಟು ಸಲ ಬರಬೇಕು?’ ಎಂದು ಕೇಳಿಕೊಳ್ಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇರುವ ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸಗಾರರು ಇಎಸ್‌ಐ ಆಸ್ಪತ್ರೆಯಲ್ಲಿಯೂ ಹಲ್ಲಿನ ವಿಭಾಗವಿದೆ ಎಂಬುದನ್ನು ಮರೆತಿರುತ್ತಾರೆ. ಸಂಬಳದಿಂದ ಪ್ರತಿ ತಿಂಗಳೂ ಮುರಿದುಕೊಂಡ ಹಣವದು. ಸಾಮಾನ್ಯ ಆರೋಗ್ಯ ವಿಮೆಯ ಮೇಲೆ ಮಾತ್ರ ಹೆಚ್ಚು ನಂಬಿಕೆ ಬೇಡ, ಅಪಘಾತದಲ್ಲಿ ಮುರಿದ ಹಲ್ಲಿಗಲ್ಲದೆ ಹುಳುಕಿಗೆ ಅವು ಹೆಚ್ಚಾಗಿ ಹಣ ಕೊಡುವುದಿಲ್ಲ.

ಕೀಳಿಸುವುದಾದರೆ

ಹಲ್ಲು ಕೀಳಿಸುವುದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಯಾವ ಹಲ್ಲು ಎಂಬುದನ್ನು ನೋಡಬೇಕು. ಬುದ್ಧಿಹಲ್ಲಾದರೆ ಹೆಚ್ಚು ಯೋಚನೆ ಬೇಡ. ತೀರಾ ಹಿಂದಿನ ಎರಡನೆಯ ದವಡೆ ಹಲ್ಲು ಹೋದರೂ ಬಹಳಷ್ಟು ಜನ ಹೊಂದಿಕೊಳ್ಳುತ್ತಾರೆ. ಬಾಯಲ್ಲಿ ಎದುರುಬದುರಾಗಿ ಕೂಡುವ 20 ಹಲ್ಲುಗಳಿದ್ದರೆ ಊಟಕ್ಕೆ ಅಡ್ಡಿಯಿಲ್ಲ ಎಂಬುದು ದಂತವೈದ್ಯರು ಒಪ್ಪಿಕೊಂಡಿರುವ ಮಾತು. ಆದರೆ ಆರನೆಯ ವಯಸ್ಸಿಗೆ ಹುಟ್ಟುವ ಮೊದಲ ದವಡೆ ಹಲ್ಲು ಅಗಿಯುವ ಕೆಲಸದ ಯಜಮಾನ. ಮನೆಯಲ್ಲಿ ಹದಿಹರೆಯದವರ ಆ ಹಲ್ಲು ಹುಳುಕಾಗಿದ್ದರೆ ಬೇರೆ ಖರ್ಚು ಮುಂದೂಡಿಯಾದರೂ ಅದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅದು ಹೋದ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ, ಎದುರಿನದು ಆಸರೆಯಿಲ್ಲದೆ ಇಳಿಯುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆಗೆ ಮಾತ್ರ ಯಾವ ಆಧಾರವೂ ಇಲ್ಲ.

ಕೀಳಿಸಲು ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ತಿಂಡಿ ತಿಂದೇ ಹೋಗಬೇಕು. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ಮೊದಲೇ ಹೇಳಬೇಕು. ಆ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಬಳಿಕ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿಕೊಂಡು, ಆ ದಿನ ಉಗುಳದೆ, ಮುಕ್ಕಳಿಸದೆ ಇದ್ದು, ಮರುದಿನದಿಂದ ಉಪ್ಪುನೀರು. ಬೀಡಿ, ಗುಟ್ಕಾ ಬಿಡಲಾಗದವರಿಗೆ ಎರಡು ಮೂರನೆಯ ದಿನ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಹುಟ್ಟಬಹುದಾದ ನೋವು ಹಲ್ಲುನೋವಿಗಿಂತ ಕೆಟ್ಟದ್ದು.

ಹಣ ಕೂಡುವವರೆಗೆ

ಲವಂಗದ ಎಣ್ಣೆಯನ್ನು ಹತ್ತಿಗೆ ಒಂದು ಹನಿ ಹಾಕಿ ಗುಳಿಯೊಳಗಷ್ಟೇ ಇಟ್ಟರೆ ನೋವು ತುಸು ತಗ್ಗುತ್ತದೆ, ವಸಡಿಗೆ ಸವರಿದರೆ ಸುಡುತ್ತದೆ. ಕಡ್ಡಿಪುಡಿ ಒತ್ತುವುದು, ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವುದು ಎರಡೂ ಗಾಯಕ್ಕೆ ದಾರಿ. ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಇನ್ನೊಂದು ದಂಡದ ಖರ್ಚು: ಊತ, ಜ್ವರ ಇಲ್ಲದ ನರದ ನೋವಿಗೆ ಅದು ಕೆಲಸ ಮಾಡುವುದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳೇ ನೋವಿನ ಮಾತ್ರೆಗಳು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರೂ ಗರ್ಭಿಣಿಯರೂ ಎರಡನೆಯದನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ನೆಲಗುಳ್ಳದ ಬೀಜದ ಹೊಗೆ ಹಾಕಿ ‘ಹುಳು’ ಉದುರಿಸಿ ತೋರಿಸುವವರಿಗೆ ಹಣ ಕೊಡಬೇಡಿ, ಹುಳುಕು ಹಲ್ಲಿನಲ್ಲಿ ಹುಳುವೇ ಇರುವುದಿಲ್ಲ. ರಸ್ತೆ ಬದಿಯಲ್ಲಿ ಕೂತು ಪಕ್ಕದ ಹಲ್ಲುಗಳಿಗೆ ಅಂಟಿಸಿ ಹಲ್ಲು ಕಟ್ಟುವವರು ಒಂದರ ಜೊತೆ ಇನ್ನೆರಡನ್ನು ಕೆಡಿಸುತ್ತಾರೆ. ಅದಕ್ಕಿಂತ ಜಾಗ ಖಾಲಿ ಬಿಡುವುದು ಮೇಲು.

ನನ್ನ ಆ ಹಲ್ಲಿನ ಜಾಗವೂ ಖಾಲಿಯೇ ಇದೆ. ಎದುರಿನ ಮೇಲಿನ ಹಲ್ಲು ಸ್ವಲ್ಪ ಇಳಿದಿದೆಯೆಂದು ಕಳೆದ ಸಲ ವೈದ್ಯರು ಪುಟ್ಟ ಕನ್ನಡಿ ಹಿಡಿದು ತೋರಿಸಿದರು. ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕಟ್ಟುಹಲ್ಲು) ಕಟ್ಟಿಸಲು ಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಸವೆಸಬೇಕು, ಇಂಪ್ಲಾಂಟ್ (ಮೂಳೆಗೆ ತಿರುಪು ಕೂರಿಸಿ ಹಾಕುವ ಹಲ್ಲು) ನನ್ನ ಕೈಗೆಟುಕುವುದಿಲ್ಲ. ತೆಗೆದು ಹಾಕುವ ಒಂಟಿ ಹಲ್ಲಿನ ಪ್ಲೇಟಿಗೆ ಬರುವ ತಿಂಗಳು ಅಳತೆ ಕೊಡುವುದೆಂದು ತೀರ್ಮಾನಿಸಿದ್ದೇನೆ.